ಹಿರಿಯೂರಿನಲ್ಲಿ ಮೈನಸ್ 40

ಗಾಡಿ ಕೆಟ್ಟು ನಿಲ್ಲುವುದಕ್ಕೂ ಒಂದು ಕಾಲದಲ್ಲಿ ಗತ್ತು ಇತ್ತು. ಹೊಗೆ ಏಳುತ್ತಿತ್ತು, ಸದ್ದು ಬರುತ್ತಿತ್ತು, ರೇಡಿಯೇಟರ್ ಕುದಿದು ಬುಸುಗುಡುತ್ತಿತ್ತು. ಐಮಂಗಲದ ಹತ್ತಿರ ಹೆದ್ದಾರಿಯ ಪಕ್ಕದಲ್ಲಿ ಅಂಬಾಸಿಡರ್ ಒಂದು ನಿಂತಿತೆಂದರೆ ಬಾನೆಟ್ ಎತ್ತುವ ಮುಂಚೆಯೇ ನಾಲ್ಕು ಜನ ಸೇರುತ್ತಿದ್ದರು. ಕುರಿ ಕಾಯುವವನು, ಸೈಕಲ್ ಮೇಲೆ ಹೊರಟಿದ್ದ ಮೇಷ್ಟ್ರು, ಹೊಲದಿಂದ ಎದ್ದು ಬಂದ ಗೌಡರು. ಅವರಲ್ಲಿ ಯಾರೂ ಸ್ಟೇರಿಂಗ್ ಮುಟ್ಟಿದವರಲ್ಲ. ಆದರೂ ಒಬ್ಬೊಬ್ಬರಿಗೂ ಒಂದೊಂದು ಅಭಿಪ್ರಾಯ ಇರುತ್ತಿತ್ತು. "ಪೆಟ್ರೋಲ್ ಐತಾ ನೋಡಿದ್ರಾ?" ಎಂಬಲ್ಲಿಂದ ಶುರುವಾಗಿ "ಎಲ್ಲಾ ಸೇರಿ ಒಂದ್ಸಲ ತಳ್ಳಾಣ ಬರ್ರಿ" ಎಂಬಲ್ಲಿಗೆ ಸಭೆ ಮುಗಿಯುತ್ತಿತ್ತು. ತಳ್ಳಿದ ಮೇಲೆ ಗಾಡಿ ಹೊರಟರೆ ಎಲ್ಲರೂ ಗೆದ್ದವರಂತೆ ಕೈ ಬೀಸುತ್ತಿದ್ದರು. ಹೊರಡದಿದ್ದರೆ ಮೇಷ್ಟ್ರ ಸೈಕಲ್ ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಹೋಗುತ್ತಿತ್ತು.

ಈಗಿನ ಗಾಡಿಗಳು ಸದ್ದಿಲ್ಲದೆ ಕಾಯಿಲೆ ಬೀಳುತ್ತವೆ. ಇಂಜಿನ್ ಓಡುತ್ತಿರುತ್ತದೆ, ಎಸಿ ತಣ್ಣಗಿರುತ್ತದೆ, ಹಾಡು ಬರುತ್ತಿರುತ್ತದೆ. ಮುಂದಿನ ಫಲಕದಲ್ಲಿ ಮಾತ್ರ ಒಂದು ಹಳದಿ ದೀಪ. ಅದು ಹೊಗೆಯಂತೆ ಊರಿಗೆಲ್ಲ ಕಾಣುವುದಿಲ್ಲ, ಓಡಿಸುವವನಿಗೆ ಮತ್ತು ಪಕ್ಕದಲ್ಲಿ ಕೂತವರಿಗೆ ಮಾತ್ರ ಕಾಣುತ್ತದೆ. ನಮ್ಮ ಗಾಡಿಯಲ್ಲಿ ಅದು ಮೊದಲು ಕಂಡದ್ದು ನನ್ನ ಹೆಂಡತಿಗೆ.

"ರೀ, ಇದೇನು, ನಲ್ಲಿ ಚಿತ್ರ ಹತ್ಕೊಂಡಿದೆ?"

ಇಂಜಿನ್ನಿನ ಆ ರೇಖಾಚಿತ್ರ ನಿಜಕ್ಕೂ ನಲ್ಲಿಯ ಹಾಗೇ ಇದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವಳಿಗೆ ನಲ್ಲಿ ಎಂದರೆ ಕೊಡ ಹಿಡಿದು ಓಡಬೇಕಾದ ಶುಭ ಸಮಾಚಾರ. ಹಾಗಾಗಿ ಅವಳು ಗಾಬರಿಯಾಗಲಿಲ್ಲ. ಗಾಬರಿಯಾಗುವ ಕೆಲಸ ನನ್ನ ಪಾಲಿಗೆ ಬಂತು.

ಹಿಂದೆ ಈ ಗಾಬರಿಗೆ ಒಂದು ವಿಳಾಸವಿತ್ತು. ಪುಣೆ–ಬೆಂಗಳೂರು ಹೆದ್ದಾರಿಯೂ ಸೊಲ್ಲಾಪುರ–ಮಂಗಳೂರು ಹೆದ್ದಾರಿಯೂ ಕೂಡುವ ಊರು ಚಿತ್ರದುರ್ಗ. ಅಲ್ಲಿ ಲಾರಿ ನಿಲ್ಲದ ದಿನವಿಲ್ಲ, ಲಾರಿ ನಿಂತಲ್ಲಿ ಗ್ಯಾರೇಜ್ ಇಲ್ಲದೆ ಇಲ್ಲ. ಹಳೆಯ ರಸ್ತೆಯ ಬೇವಿನ ಮರದ ಕೆಳಗಿದ್ದ ಅಂಥದೊಂದು ಗ್ಯಾರೇಜಿನ ಮೇಸ್ತ್ರಿಯನ್ನು ನಾನು ಹುಡುಗನಾಗಿದ್ದಾಗಿನಿಂದ ನೋಡಿದ್ದೇನೆ. ಗಾಡಿಯ ಮಾಲೀಕರು ಬಾಯಿ ತೆರೆಯುವುದು ಅವರಿಗೆ ಆಗುತ್ತಿರಲಿಲ್ಲ. "ನೀವು ಸುಮ್ಕಿರ್ರಿ ಸಾರ್, ಅದು ಹೇಳ್ತೈತೆ" ಎಂದು ಕೈ ಎತ್ತಿ ತಡೆಯುತ್ತಿದ್ದರು. ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಟ್ಯಾಪೆಟ್ ಸದ್ದೋ, ಬೇರಿಂಗ್ ಸದ್ದೋ, ಟೈಮಿಂಗ್ ಚೈನಿನ ಸದ್ದೋ ಎಂಬುದೆಲ್ಲ ಆ ಕಬ್ಬಿಣದ ಕಡ್ಡಿಯ ದಾರಿಯಲ್ಲಿ ಅವರೊಳಗೆ ಹೋಗುತ್ತಿತ್ತು. ಆಮೇಲೆ ಕಣ್ಣು ತೆರೆದು, "ಮೂರನೇದು ಮಿಸ್ಸಿಂಗ್ ಹೊಡೀತೈತೆ" ಎನ್ನುತ್ತಿದ್ದರು.

ನಂಬದವರಿಗೆ ಸಾಕ್ಷಿಯೂ ಸಿಗುತ್ತಿತ್ತು. ಇಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಒಂದನೆಯದು ಕಿತ್ತಾಗ ಇಂಜಿನ್ ತಡವರಿಸುತ್ತಿತ್ತು, ಎರಡನೆಯದಕ್ಕೂ ಹಾಗೆಯೇ. ಮೂರನೆಯದು ಕಿತ್ತಾಗ ಏನೂ ಆಗುತ್ತಿರಲಿಲ್ಲ. ಕೆಲಸವನ್ನೇ ಮಾಡದಿದ್ದ ಸಿಲಿಂಡರ್ ಹೋದರೇನು, ಇದ್ದರೇನು! ನಡುವೆ ವೈರು ಒಂದೆರಡು ಸಲ ಬೆರಳಿಗೆ ಷಾಕ್ ಹೊಡೆದರೆ ಕೈ ಕೊಡವಿ ನಗುತ್ತಿದ್ದರು. ಮೂರನೆಯ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರೆ ಅದರ ಮೂತಿಯಲ್ಲಿ ಉಳಿದದ್ದೆಲ್ಲ ಓದಲು ಸಿಗುತ್ತಿತ್ತು. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಪೆಟ್ರೋಲ್ ಕಮ್ಮಿ, ಇಟ್ಟಿಗೆಯ ಬಣ್ಣ ಬಂದಿದ್ದರೆ ಇಂಜಿನ್ ಸುಖವಾಗಿದೆ. ಮಸಿಯನ್ನು ಎಮೆರಿ ಕಾಗದದಲ್ಲಿ ಉಜ್ಜಿ, ಗ್ಯಾಪ್ ಸರಿಮಾಡಿ, ಕಾರ್ಬೊರೇಟರಿನ ಸ್ಕ್ರೂ ಕಾಲು ಸುತ್ತು ತಿರುಗಿಸಿದರೆ ಗಾಡಿ ಹಾಸನದವರೆಗೆ ಹೋಗಿ ಬರಲು ಸಿದ್ಧ.

2000ನೇ ಇಸವಿಯ ಹೊತ್ತಿಗೆ ಮಾರುತಿ 800ಕ್ಕೂ ಎಂಪಿಎಫ್‌ಐ ಬಂತು. ಕಾರ್ಬೊರೇಟರ್ ಹೋಗಿ, ಸಿಲಿಂಡರಿಗೊಂದರಂತೆ ಇಂಜೆಕ್ಟರ್ ಕೂತು, ಎಲ್ಲವನ್ನೂ ಆಳಲು ಒಂದು ಅಲ್ಯೂಮಿನಿಯಂ ಡಬ್ಬಿ ಬಂತು. ನಮ್ಮ ಗ್ಯಾರೇಜುಗಳಲ್ಲಿ ಅಂಥ ಕಾರಿನ ಹೆಸರು 'ಕಂಪ್ಯೂಟರ್ ಗಾಡಿ'. ಮಳೆಯಲ್ಲಿ ನೆನೆದರೆ ಕಂಪ್ಯೂಟರ್ ಸುಟ್ಟುಹೋಗುತ್ತದಂತೆ, ದಬ್ಬಿದರೆ ಕೆಟ್ಟುಹೋಗುತ್ತದಂತೆ ಎಂದು ಸುದ್ದಿ ಹಬ್ಬಿತ್ತು. ಮೇಸ್ತ್ರಿ ಒಂದಷ್ಟು ದಿನ ಆ ಗಾಡಿಗಳನ್ನು ದೂರದಿಂದಲೇ ನೋಡಿ ಬೆಂಗಳೂರಿಗೆ ಕಳಿಸುತ್ತಿದ್ದರು. ಕೊನೆಗೆ ಯಾರೋ ಒಂದು ಗುಟ್ಟು ಹೇಳಿಕೊಟ್ಟರು. ಬಾನೆಟ್ಟಿನೊಳಗಿನ ಒಂದು ಪುಟ್ಟ ಕಪ್ಲರಿನ ಎರಡು ಕಾಲುಗಳಿಗೆ ತುಂಡು ವೈರು ಸಿಕ್ಕಿಸಿ ಕೀ ತಿರುಗಿಸಿದರೆ ಹಳದಿ ದೀಪ ಮಿಟುಕುತ್ತದೆ. ಒಂದು ಸಲ ಮಿಟುಕಿ, ತಡೆದು, ಎರಡು ಸಲ ಮಿಟುಕಿದರೆ 12. ಹನ್ನೆರಡು ಎಂದರೆ ಏನೂ ತೊಂದರೆಯಿಲ್ಲ ಎಂದರ್ಥ. ಬೇರೆ ಸಂಖ್ಯೆ ಬಂದರೆ ಪಟ್ಟಿ ತೆಗೆದು ನೋಡಬೇಕು.

ಆ ದಿನಗಳಲ್ಲಿ ಗ್ಯಾರೇಜಿನ ಮುಂದೆ ಹೋದರೆ ಕಾರಿನ ಬಾಗಿಲಿಗೆ ಮೂರು ತಲೆಗಳು ಒಟ್ಟಿಗೆ ಬಾಗಿರುತ್ತಿದ್ದವು. "ಒಂದು... ನಿಂತ್ಕೊಳ್ತು... ಒಂದು, ಎರಡು." "ಇಲ್ಲ ಮೇಸ್ತ್ರಿ, ಎರಡಾದ್ಮೇಲೆ ನಿಂತಿದ್ದು, ಇಪ್ಪತ್ತೊಂದು." "ನಿನ್ ತಲೆ, ಕೀ ಆಫ್ ಮಾಡು, ಮತ್ತೆ ಎಣಿಸಾಣ." ಹನ್ನೆರಡಕ್ಕೂ ಇಪ್ಪತ್ತೊಂದಕ್ಕೂ ನಡುವೆ ಚಹಾ ತಣ್ಣಗಾಗುತ್ತಿತ್ತು. ಕಿವಿಯಿಂದ ರೋಗ ಹಿಡಿಯುತ್ತಿದ್ದ ಮನುಷ್ಯ ಕಣ್ಣು ಕಿರಿದು ಮಾಡಿಕೊಂಡು ದೀಪ ಎಣಿಸುವುದನ್ನು ನೋಡಿದರೆ ನನಗೆ ಒಂದು ಕಡೆ ನಗು, ಇನ್ನೊಂದು ಕಡೆ ಸಂಕಟ.

ಗುಟ್ಟು ಲಿಪಿ ನಮ್ಮ ಜಿಲ್ಲೆಗೆ ಹೊಸದೇನಲ್ಲ ಎಂದು ಆಗ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, ಕ್ರಿ.ಪೂ. 3ನೇ ಶತಮಾನದ್ದು. ಅದನ್ನು ಬರೆದ ಲಿಪಿಕಾರ ಚಪಡ ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದು, ಕೊನೆಯಲ್ಲಿ ತನ್ನ ಕಸುಬನ್ನು ಹೇಳುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದ. ಈ ಕಡೆಯವರು ಯಾರೂ ಓದಲಾರರೆಂದು ಗೊತ್ತಿದ್ದೂ ಬರೆದನೋ, ಊರ ಕಡೆಯ ಲಿಪಿ ನೆನಪಾಗಿ ಬರೆದನೋ! ಬ್ರಾಹ್ಮಿಯ ಬೀಗವನ್ನು ಪ್ರಿನ್ಸೆಪ್ ತೆರೆದದ್ದು 1837ರಲ್ಲಿ, ನಮ್ಮ ಶಾಸನವನ್ನು ಬಿ.ಎಲ್. ರೈಸ್ ಬೆಳಕಿಗೆ ತಂದದ್ದು 1892ರಲ್ಲಿ. ಅಲ್ಲಿಯವರೆಗೆ ಸುತ್ತಲಿನ ಜನ ಆ ಬಂಡೆಯನ್ನು ಅಕ್ಷರಗುಂಡು ಎಂದು ಕರೆದು, ಅದಕ್ಕೆ ರೋಗ ವಾಸಿ ಮಾಡುವ ಗುಣವಿದೆ ಎಂದು ನಂಬಿದ್ದರು. ಓದಲಾಗದ ಅಕ್ಷರ ಎದುರಿಗಿದ್ದಾಗ ಮನುಷ್ಯ ಅದಕ್ಕೆ ಕೈ ಮುಗಿಯುತ್ತಾನೆ, ಇಲ್ಲವೇ ಔಷಧಿ ಮಾಡಿಕೊಳ್ಳುತ್ತಾನೆ. ಹಳದಿ ದೀಪದ ವಿಷಯದಲ್ಲೂ ನಮ್ಮ ಜನ ಎರಡನ್ನೂ ಮಾಡಿದ್ದಾರೆ.

ದೀಪ ಹುಟ್ಟಿದ್ದು ನಮ್ಮ ಅನುಕೂಲಕ್ಕಲ್ಲ, ಲಾಸ್ ಏಂಜಲೀಸಿನ ಹೊಗೆಯ ಕಾಟಕ್ಕೆ. ಇಂಜಿನ್ ಹದ ತಪ್ಪಿ ಹೊಲಸು ಹೊಗೆ ಬಿಡತೊಡಗಿದರೆ ಓಡಿಸುವವನಿಗೆ ಗೊತ್ತಾಗಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯ 1988ರ ಕಾರುಗಳಿಂದ ಅದನ್ನು ಕಡ್ಡಾಯ ಮಾಡಿತು. 1996ರಿಂದ ಅಮೆರಿಕದ ಎಲ್ಲ ಕಾರುಗಳಿಗೂ ಒಂದೇ ಬಗೆಯ ಹದಿನಾರು ಕಾಲಿನ ಸಾಕೆಟ್, ಒಂದೇ ಬಗೆಯ ಕೋಡ್ ಬಂತು. ನಮ್ಮಲ್ಲಿ ಅದರ ಮೊದಲ ಹಂತ 2010ರಲ್ಲಿ, ಎರಡನೆಯದು 2013ರಲ್ಲಿ. ಸ್ಟೇರಿಂಗ್ ಕೆಳಗೆ ಬಗ್ಗಿ ನೋಡಿದರೆ ನಿಮ್ಮ ಗಾಡಿಯಲ್ಲೂ ಆ ಸಾಕೆಟ್ ಸಿಗುತ್ತದೆ. ಅದಕ್ಕೆ ಸ್ಕ್ಯಾನರ್ ಸಿಕ್ಕಿಸಿದರೆ ಇಂಗ್ಲಿಷಿನ ಒಂದು ಅಕ್ಷರವೂ ನಾಲ್ಕು ಅಂಕಿಗಳೂ ಬರುತ್ತವೆ. 'ಪಿ' ಬಂದರೆ ಇಂಜಿನ್ ಮತ್ತು ಗೇರ್ ಬಾಕ್ಸ್ ಕಡೆಯ ತಕರಾರು, 'ಬಿ' ಬಾಡಿಯದು, 'ಸಿ' ಚಾಸಿಯದು, 'ಯು' ಬಂದರೆ ಡಬ್ಬಿಗಳು ತಮ್ಮತಮ್ಮಲ್ಲೇ ಮಾತು ಬಿಟ್ಟಿವೆ. ಮುಂದಿನ ಅಂಕಿ ಸೊನ್ನೆಯಾದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ, ಒಂದಾದರೆ ಆ ಕಂಪನಿಗಷ್ಟೇ ಗೊತ್ತು. ಪಿ0301 ಎಂದರೆ ಒಂದನೇ ಸಿಲಿಂಡರ್ ಮಿಸ್ಸಿಂಗ್, ಪಿ0303 ಎಂದರೆ ಮೂರನೆಯದು. ಬೇವಿನ ಮರದ ಕೆಳಗೆ ಸ್ಕ್ರೂಡ್ರೈವರ್ ಊರಿಕೊಂಡು ಕೇಳುತ್ತಿದ್ದ ಮಾತನ್ನೇ ಡಬ್ಬಿ ಈಗ ಪಟ್ಟಿ ಮಾಡಿ ಕೊಡುತ್ತದೆ. ಷಾಕ್ ಹೊಡೆಸಿಕೊಳ್ಳುವ ಖರ್ಚು ಉಳಿಯಿತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ದಿನ ಸುಮ್ಮನೆ ಓಡಿಸುತ್ತಿದ್ದೆ, ಏಕೆಂದರೆ ಹಿಂದಿನ ಸೀಟಿನ ತುಂಬ ಮಗಳ ಮದುವೆಯ ಲಗ್ನಪತ್ರಿಕೆಗಳಿದ್ದವು. ಚಿತ್ರದುರ್ಗದಿಂದ ಹಿರಿಯೂರು, ಅಲ್ಲಿಂದ ಹೊಸದುರ್ಗ, ಅಲ್ಲಿಂದ ಹೊಳಲ್ಕೆರೆ, ಕತ್ತಲಾಗುವುದರೊಳಗೆ ಮತ್ತೆ ದುರ್ಗ. ಪತ್ರಿಕೆಯನ್ನು ಅಂಚೆಗೆ ಹಾಕಿದರೆ ಅಥವಾ ಮೊಬೈಲಿಗೆ ಕಳಿಸಿದರೆ ನಮ್ಮ ಬಳಗದಲ್ಲಿ ಅದು ಕರೆದ ಹಾಗಲ್ಲ. ಗಂಡ ಹೆಂಡತಿ ಇಬ್ಬರೂ ಹೋಗಿ, ಕುಂಕುಮ ಇಟ್ಟು, "ನಾಲ್ಕು ದಿನ ಮುಂಚೆನೇ ಬರಬೇಕು" ಎನ್ನಬೇಕು. ಹಳದಿ ದೀಪಕ್ಕೆ ಹೆದರಿ ಹಿಂದಿರುಗಿದರೆ ಆ ದೀಪಕ್ಕಿಂತ ದೊಡ್ಡ ಕೆಂಪು ದೀಪಗಳು ಮನೆಮನೆಯಲ್ಲೂ ಹತ್ತಿಕೊಳ್ಳುತ್ತವೆ.

ಹಿರಿಯೂರಿನ ಚಿಕ್ಕಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಅವರಿಗೆ ಕಾರಿಲ್ಲ, ದಿನಪತ್ರಿಕೆ ಇದೆ. ಮಜ್ಜಿಗೆ ಕುಡಿಯುತ್ತ ದೀಪದ ವಿಷಯ ಬಾಯಿ ತಪ್ಪಿ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು.

"ಇದು ಎಥೆನಾಲ್ ಪ್ರಭಾವ ಕಣಪ್ಪ. ಪೆಟ್ರೋಲಿಗೆ ಇಪ್ಪತ್ತು ಪರ್ಸೆಂಟ್ ಬೆರೆಸ್ತಾ ಇದಾರೆ. ಮನುಷ್ಯರು ಕುಡಿದ್ರೇನೆ ಮುಖ ಕೆಂಪಾಗುತ್ತೆ, ಗಾಡಿ ಹಳದಿಯಾಗೋದ್ರಲ್ಲಿ ಆಶ್ಚರ್ಯ ಏನಿದೆ?"

ಇಂಜಿನ್ ಏನೂ ತೊದಲುತ್ತಿಲ್ಲವಲ್ಲ ಎಂದೆ. "ಮೊದಮೊದಲು ಯಾರೂ ತೊದಲಲ್ಲ" ಎಂದರು. ವಿಷಯವನ್ನು ಬೇರೆಡೆ ಹೊರಳಿಸಲು ಡ್ಯಾಮಿನಲ್ಲಿ ನೀರು ಎಷ್ಟಿದೆ ಎಂದು ಕೇಳಿದೆ. ಅದರಲ್ಲಿ ಅವರನ್ನು ಮೀರಿಸುವವರಿಲ್ಲ. ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದದ್ದು, 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022ರ ತನಕ ಕಾದದ್ದು, ಎಲ್ಲ ಬಾಯಿಪಾಠ. ಅಣೆಕಟ್ಟು 130 ಅಡಿಗೆ ಭರ್ತಿ. ಹಿರಿಯೂರಿನಲ್ಲಿ "ಇವತ್ತು ಎಷ್ಟು?" ಎಂದು ಕೇಳಿದರೆ ತರಕಾರಿ ಮಾರುವ ಅಕ್ಕನೂ ಅಡಿ ಲೆಕ್ಕ ಹೇಳುತ್ತಾಳೆ. ಆ ಅಂಕಿಯ ಹಿಂದೆ ಎಂಬತ್ತೊಂಬತ್ತು ವರ್ಷದ ಬಾಯಾರಿಕೆ ಇದೆ, ಅದನ್ನು ಓದಲು ಸ್ಕ್ಯಾನರ್ ಬೇಡ.

ಊರು ಬಿಡುವ ಹೊತ್ತಿಗೆ ನಡುಮಧ್ಯಾಹ್ನ. ಬಿಸಿಲು ನಲವತ್ತು ಮುಟ್ಟಲು ಹೊರಟಿತ್ತು. ರಸ್ತೆಯ ಮೇಲೆ ಬಿಸಿಲುಗುದುರೆ ಓಡುತ್ತಿತ್ತು. ಹಳದಿ ದೀಪ ಹತ್ತಿಕೊಂಡೇ ಇತ್ತು. ಅಷ್ಟು ಹೊತ್ತಿನಲ್ಲಿ ನಮ್ಮ ಗಾಡಿ ತನ್ನೊಳಗೇ ಏನು ತಿಳಿದುಕೊಂಡಿತ್ತು ಎಂಬುದು ಗೊತ್ತಾದದ್ದು ಹೊಸದುರ್ಗದಲ್ಲಿ.

ಹೊಸದುರ್ಗ ನನ್ನ ಹೆಂಡತಿಯ ತವರು. ಗುಡ್ಡದ ಮೇಲೆ ಗಾಳಿಯಂತ್ರಗಳು, ಕೆಳಗೆ ತೆಂಗಿನ ತೋಟ. ಭಾಮೈದ ತೋಟದವನು, ಯಾವ ಯಂತ್ರಕ್ಕೂ ಹೆದರುವವನಲ್ಲ. "ಅಷ್ಟೇನಾ ಭಾವ?" ಎಂದವನೇ ಮೋಟರ್ ಮನೆಯಿಂದ ಸ್ಪ್ಯಾನರ್ ತಂದು ಬ್ಯಾಟರಿಯ ಟರ್ಮಿನಲ್ ಬಿಚ್ಚಿದ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಬಂದು ಮತ್ತೆ ಹಾಕಿದ. ದೀಪ ಮಾಯ! ಮನೆಮಂದಿಯೆಲ್ಲ ನಕ್ಕರು, ನಾನೂ ನಕ್ಕೆ. ಆ ಊರಿನಲ್ಲೇ ನಾಲ್ಕು ಮನೆಗೆ ಪತ್ರಿಕೆ ಕೊಡಲು ಹೊರಟೆವು. ಮೂರನೆಯ ಮನೆಯ ಮುಂದೆ ಗಾಡಿ ಸ್ಟಾರ್ಟ್ ಮಾಡಿದರೆ ನಲ್ಲಿ ಮತ್ತೆ ಹತ್ತಿಕೊಂಡಿತು.

ವಾಪಸ್ ಬಂದಾಗ ಭಾಮೈದನ ಮಗ ಕಾಲೇಜಿನಿಂದ ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ. ಅವನ ಬಳಿ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಬ್ಲೂಟೂತ್ ಸ್ಕ್ಯಾನರ್ ಇತ್ತು, ಕೆಲವು ನೂರು ರೂಪಾಯಿಯದು. ಅಪ್ಪ ಟರ್ಮಿನಲ್ ಬಿಚ್ಚಿದ ಕಥೆ ಕೇಳಿ ತಲೆ ಚಚ್ಚಿಕೊಂಡ.

"ಮಾವ, ಕೋಡ್ ಬಿದ್ದ ಗಳಿಗೇಲಿ ಗಾಡಿ ಎಲ್ಲಾ ಬರೆದಿಟ್ಕೊಂಡಿರುತ್ತೆ. ಸ್ಪೀಡ್ ಎಷ್ಟಿತ್ತು, ಇಂಜಿನ್ ಬಿಸಿ ಎಷ್ಟಿತ್ತು, ಆರ್‌ಪಿಎಂ ಎಷ್ಟು, ಎಲ್ಲಾ. ಮಹಜರು ಇದ್ದಂಗೆ ಅದು. ಟರ್ಮಿನಲ್ ಬಿಚ್ಚಿದ್ರೆ ಎಲ್ಲಾ ಅಳಿಸಿಹೋಗುತ್ತೆ. ಅಪ್ಪ ಸಾಕ್ಷ್ಯ ನಾಶ ಮಾಡಿದಾರೆ. ಪಕ್ಕದ ಚಳ್ಳಕೆರೆಯಲ್ಲಿ 2023ರಲ್ಲಿ ಪೈಲಟ್ಟೇ ಇಲ್ಲದ ಇಸ್ರೋ ವಿಮಾನ ತಾನಾಗೇ ಬಂದು ಇಳೀತು. ನಾವಿನ್ನೂ ಸ್ಪ್ಯಾನರ್ ಹಿಡ್ಕೊಂಡು ಟರ್ಮಿನಲ್ ಬಿಚ್ತಾ ಕೂತಿದೀವಿ."

ಭಾಮೈದ, "ದೀಪ ಆರ್ತೋ ಇಲ್ವೋ ಕೇಳು" ಎಂದು ತೋಟದ ಕಡೆ ಹೊರಟ.

ಹುಡುಗ ಸಾಕೆಟ್ಟಿಗೆ ಪೊಟ್ಟಣ ಸಿಕ್ಕಿಸಿ ಮೊಬೈಲ್ ನೋಡಿದ. ಪಿ0113. ಇಂಜಿನ್ ಒಳಗೆ ಎಳೆದುಕೊಳ್ಳುವ ಗಾಳಿಯ ಉಷ್ಣಾಂಶ ಅಳೆಯುವ ಸೆನ್ಸಾರಿನ ಸರ್ಕ್ಯೂಟಿನಲ್ಲಿ ಎಡವಟ್ಟು. ಆಮೇಲೆ ಗಾಡಿ ಈ ಕ್ಷಣದಲ್ಲಿ ಏನು ಅಳೆಯುತ್ತಿದೆ ಎಂಬ ಪುಟ ತೆರೆದ. ಒಳಗೆ ಹೋಗುವ ಗಾಳಿಯ ಉಷ್ಣಾಂಶ: ಮೈನಸ್ 40 ಡಿಗ್ರಿ.

ಮೂವರೂ ಒಂದು ನಿಮಿಷ ಆ ಅಂಕಿಯನ್ನೇ ನೋಡಿದೆವು. ನನ್ನ ಅಂಗಿ ಬೆನ್ನಿಗಂಟಿತ್ತು. ಹೆಂಡತಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಹಿರಿಯೂರಿನ ಆ ಬೆಂಕಿಯಲ್ಲಿ, ವಾಣಿವಿಲಾಸಪುರದ ಆ ಬಯಲಲ್ಲಿ ನಮ್ಮ ಗಾಡಿ ಸೈಬೀರಿಯಾದಲ್ಲಿದ್ದೇನೆ ಎಂದುಕೊಂಡೇ ಓಡಿ ಬಂದಿತ್ತು.

ಲೆಕ್ಕ ಸರಳ. ಆ ಸೆನ್ಸಾರ್ ತಣ್ಣಗಾದಷ್ಟೂ ಕರೆಂಟಿಗೆ ಹೆಚ್ಚು ತಡೆಯೊಡ್ಡುತ್ತದೆ, ಬಿಸಿಯಾದಷ್ಟೂ ಸಡಿಲ ಬಿಡುತ್ತದೆ. ತಂತಿಯೇ ತುಂಡಾದರೆ ತಡೆಗೆ ಕೊನೆಯೇ ಇಲ್ಲ, ಹಾಗಾಗಿ ಡಬ್ಬಿಯ ಪಾಲಿಗೆ ಚಳಿಗೂ ಕೊನೆಯಿಲ್ಲ. ಸ್ಕ್ಯಾನರಿಗೆ ಅದು ಕೊಡುವ ಲೆಕ್ಕ ಶುರುವಾಗುವುದೇ ಮೈನಸ್ 40ರಿಂದ, ಅದಕ್ಕಿಂತ ಕೆಳಗೆ ಹೇಳಲು ಅದಕ್ಕೆ ಮಾತಿಲ್ಲ. ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದಾಗುವ ಜಾಗವೂ ಅದೇ. ಇಷ್ಟಾದರೂ ಡಬ್ಬಿ ಮೂರ್ಖನಲ್ಲ. ಈ ಮಾತು ನಂಬಲರ್ಹವಲ್ಲ ಎಂದು ತೀರ್ಮಾನಿಸಿ, ಒಂದು ಅಂದಾಜಿನ ಉಷ್ಣಾಂಶ ಇಟ್ಟುಕೊಂಡು ಪೆಟ್ರೋಲ್ ಹದ ಮಾಡಿ ಗಾಡಿ ಓಡಿಸುತ್ತಿತ್ತು. ಜೊತೆಗೆ ನನಗೊಂದು ದೀಪ ಹಚ್ಚಿ ತೋರಿಸಿತ್ತು. ಸುಳ್ಳು ಎಂದು ಗೊತ್ತಾದ ಮೇಲೂ ಕೆಲಸ ನಿಲ್ಲಿಸದೆ ದೂರು ದಾಖಲಿಸಿಕೊಂಡು ಮುಂದೆ ಹೋಗುವುದು ಎಲ್ಲರಿಗೂ ಬರುವ ಗುಣವಲ್ಲ.

"ಸೆನ್ಸಾರ್ ಹೋಗಿದೆ ಮಾವ, ಹೊಸದು ಹಾಕಿಸಿ" ಎಂದು ಹುಡುಗ ಮೊಬೈಲಿನಲ್ಲೇ ಬೆಲೆ ತೋರಿಸಿದ. ಪುರೋಹಿತರ ದಕ್ಷಿಣೆಗಿಂತ ಜಾಸ್ತಿ ಇತ್ತು.

ಹೊಳಲ್ಕೆರೆಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು, ಅಡಿಕೆ ತೋಟಗಳ ತಂಪು ಬೀಸುತ್ತಿತ್ತು. ಅಲ್ಲಿ ದೊಡ್ಡಮ್ಮನ ಮನೆಗೆ ಹೋಗುವ ದಾರಿಯಲ್ಲಿ ಒಂದು ಗ್ಯಾರೇಜ್. ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತವರನ್ನು ನೋಡಿ ಬ್ರೇಕ್ ಒತ್ತಿದೆ. ಬೇವಿನ ಮರದ ಮೇಸ್ತ್ರಿ! ಹಳೆಯ ರಸ್ತೆ ಬಿಟ್ಟು ಹೆದ್ದಾರಿ ಊರಾಚೆ ಹೋದ ಮೇಲೆ ಅವರು ಮಗನ ಜೊತೆ ಇಲ್ಲಿಗೆ ಬಂದುಬಿಟ್ಟಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ನಮಸ್ಕಾರ ಎಂದೆ, ನಗಲಿಲ್ಲ. ಮಗ ಕಿವಿಯ ಹತ್ತಿರ ಕೈ ತೋರಿಸಿ, "ಜೋರಾಗಿ ಹೇಳ್ಬೇಕು ಸಾರ್, ಕಿವಿ ಮಂದ ಆಗೈತೆ" ಎಂದ. ಆಯುಷ್ಯವಿಡೀ ಲಾರಿ ಇಂಜಿನ್ನುಗಳಿಗೆ ಕೊಟ್ಟ ಕಿವಿಗಳು. ಮೂರನೇ ಸಿಲಿಂಡರ್ ತಡವರಿಸುವುದನ್ನು ಕೇಳಿಸಿಕೊಳ್ಳುತ್ತಿದ್ದವರಿಗೆ ಈಗ ಪಕ್ಕದಲ್ಲಿ ನಿಂತವರ ಮಾತು ಕೇಳುತ್ತಿರಲಿಲ್ಲ.

ಮಗ ದೊಡ್ಡ ಸ್ಕ್ಯಾನರ್ ತಂದು ಹಾಕಿದ. ಅದೇ ಪಿ0113. ಅವನೂ ಸೆನ್ಸಾರ್ ಎಂದ. ಮೇಸ್ತ್ರಿ ಎದ್ದು ಬಂದು, ಬಾನೆಟ್ಟಿನ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತರು. ಕಿವಿಗೆ ಹೋಗದ ಸದ್ದನ್ನು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರೋ ಏನೋ. ಆಮೇಲೆ ನನ್ನ ಕಡೆ ತಿರುಗಿ, ಕಿವುಡರು ಮಾತಾಡುವಷ್ಟು ಜೋರಾಗಿ ಕೇಳಿದರು:

"ರಾತ್ರಿ ಗಾಡಿ ಎಲ್ಲಿ ನಿಲ್ಲುಸ್ತೀರಾ ಸಾರ್?"

"ಮನೆ ಪಕ್ಕದ ಶೆಡ್ಡಲ್ಲಿ."

"ಪಕ್ಕದಾಗೆ ಏನೈತೆ?"

"ಹೊಸದುರ್ಗದಿಂದ ತಂದ ತೆಂಗಿನಕಾಯಿ ಹಾಕೋ ಕೋಣೆ" ಎಂದು ಕೂಗಿದೆ. ಬೀದಿಯವರೆಲ್ಲ ತಿರುಗಿ ನೋಡಿದರು.

"ಇಲಿ" ಎಂದು ಹೇಳಿ ಮೇಸ್ತ್ರಿ ಕುರ್ಚಿಗೆ ಹೋಗಿ ಕೂತರು.

ಮಗ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿ ಟಾರ್ಚ್ ಬಿಟ್ಟ. ಅದರ ಹಿಂದಿನ ಸಂದಿಯಲ್ಲಿ ಮುಷ್ಟಿ ಗಾತ್ರದ ಒಂದು ಗೂಡು. ಕೆಳಗೆ ತೆಂಗಿನ ನಾರು, ಮೇಲೆ ಅಡಿಕೆ ಸಿಪ್ಪೆಯ ಎಳೆ, ನಡುವೆ ಬಾನೆಟ್ಟಿನ ಒಳಪದರದಿಂದ ಕಿತ್ತ ಹತ್ತಿ. ಪಕ್ಕದಲ್ಲಿ ಎರಡು ವೈರುಗಳು ತುಂಡಾಗಿ, ತುದಿಯ ತಾಮ್ರ ಹೊಳೆಯುತ್ತಿತ್ತು. ಗೂಡನ್ನು ಕೈಯಲ್ಲಿ ಬಿಡಿಸಿದಾಗ ಗುಲಾಬಿ ಬಣ್ಣದ ಕಾಗದದ ಚೂರುಗಳು ಉದುರಿದವು. ಒಂದು ಚೂರಿನಲ್ಲಿ ಚಿನ್ನದ ಅಕ್ಷರದಲ್ಲಿ 'ಆಗಮನಾಭಿಲಾಷಿಗಳು' ಎಂದಿತ್ತು. ಪತ್ರಿಕೆಯ ಕಟ್ಟುಗಳನ್ನು ನಾವು ಇಟ್ಟಿದ್ದೂ ಅದೇ ತೆಂಗಿನಕಾಯಿ ಕೋಣೆಯಲ್ಲಿ.

ವೈರಿನ ತುದಿ ಕೆರೆದು, ಜೋಡಿಸಿ, ಬೆಸುಗೆ ಹಾಕಿ, ಮೇಲೆ ಟೇಪ್ ಸುತ್ತಿ, ಕೋಡ್ ಅಳಿಸಿದ. ಸ್ಕ್ಯಾನರಿನಲ್ಲಿ ಮೈನಸ್ 40 ಹೋಗಿ 36 ಬಂತು. ಗಾಡಿ ಹೊಳಲ್ಕೆರೆಗೆ ಬಂದು ತಲುಪಿತು. ಸೆನ್ಸಾರ್ ಬೇಕಾಗಲಿಲ್ಲ. ದುಡ್ಡು ಕೇಳಿದರೆ ಮಗ ಚಹಾದ ಖರ್ಚಿಗಿಂತ ಸ್ವಲ್ಪ ಹೆಚ್ಚು ತೆಗೆದುಕೊಂಡ. ಮೇಸ್ತ್ರಿಗೆ ಒಂದು ಪತ್ರಿಕೆ ಕೊಟ್ಟು, ಕುಂಕುಮ ಇಡಿಸಿ, ನಾಲ್ಕು ದಿನ ಮುಂಚೆ ಬರಬೇಕೆಂದು ಕೂಗಿ ಹೇಳಿದೆ.

ದೊಡ್ಡಮ್ಮನ ತೀರ್ಪು ಬೇರೆಯೇ ಇತ್ತು. ಕಥೆಯೆಲ್ಲ ಕೇಳಿ ಆಕೆ ಕೇಳಿದ್ದು ಒಂದೇ ಮಾತು: "ನಮ್ಮ ಬಯಲು ಗಣಪಂಗೆ ಪತ್ರಿಕೆ ಕೊಟ್ರೇನಪ್ಪಾ?" ಮನೆದೇವರಿಗೆ ಕೊಟ್ಟಾಗಿದೆ, ಇಲ್ಲಿಗೆ ಈಗ ಹೋಗುವುದು ಎಂದೆವು. "ಎಲ್ಲಾ ಊರೂ ಸುತ್ತಿ ಕೊನೇಗೆ ಗಣಪನಾ? ಅವನ ಪತ್ರಿಕೇನ ಅವನ ಇಲಿಯೇ ಬಂದು ತಗಂಡು ಹೋಗೈತೆ ಬಿಡು" ಎಂದು ನಮ್ಮನ್ನು ಗುಡಿಗೆ ಅಟ್ಟಿದಳು. ಹೊಳಲ್ಕೆರೆಯ ಗಣಪ ಸೂರಿನ ಹಂಗಿಲ್ಲದೆ ಬಯಲಿನಲ್ಲೇ ಕೂತವನು, ಸುಮಾರು ಇಪ್ಪತ್ತಡಿ ಎತ್ತರ. ಹಿಂದೆ ಹೋಗಿ ನೋಡಿದರೆ ಬೆನ್ನ ಮೇಲೆ ಜಡೆಯಿದೆ. ಅವನ ಪಾದದ ಬಳಿ ಪತ್ರಿಕೆ ಇಟ್ಟೆವು. ಇಷ್ಟು ದೊಡ್ಡ ಸವಾರನನ್ನು ಹೊರುವ ಪ್ರಾಣಿ ಒಂದು ಜೊತೆ ವೈರು ಕಡಿದದ್ದು ದೊಡ್ಡದೇನಲ್ಲ ಎನಿಸಿತು.

ಲೆಕ್ಕ ಹಾಕಿದರೆ ಆ ದಿನ ಒಂದು ದೀಪಕ್ಕೆ ನಾಲ್ಕು ಊರಿನಲ್ಲಿ ಐದು ಬಗೆಯ ಓದು ಸಿಕ್ಕಿತ್ತು. ನಲ್ಲಿ, ಎಥೆನಾಲ್, ಬ್ಯಾಟರಿ, ಸೆನ್ಸಾರ್, ಗಣಪ. ಸ್ಕ್ಯಾನರ್ ಸುಳ್ಳು ಹೇಳಲಿಲ್ಲ. ಗಾಳಿ ಅಳೆಯುವ ಸರ್ಕ್ಯೂಟಿನಲ್ಲಿ ತೊಂದರೆ ಎಂದಿತು, ತೊಂದರೆ ಅಲ್ಲೇ ಇತ್ತು. ಆದರೆ ಕೋಡ್ ಎನ್ನುವುದು ದೂರು, ಅದರಲ್ಲಿ ತಪ್ಪಿತಸ್ಥನ ಹೆಸರಿರುವುದಿಲ್ಲ. ಸೆನ್ಸಾರ್ ಸತ್ತರೂ ಪಿ0113, ಕಪ್ಲರ್ ಸಡಿಲವಾದರೂ ಪಿ0113, ಇಲಿ ಕಡಿದರೂ ಪಿ0113. ದೂರಿಗೂ ತಪ್ಪಿತಸ್ಥನಿಗೂ ನಡುವೆ ಇರುವುದನ್ನು ಕೇಳಿ ತಿಳಿಯಬೇಕು. ಕೇಳುವ ಮಂದಿ ಕಡಿಮೆಯಾಗುತ್ತಿದ್ದಾರೆ. ಮಗ ಸ್ಕ್ಯಾನರ್ ಓದುವುದರಲ್ಲಿ ಅಪ್ಪನಿಗಿಂತ ಮುಂದಿದ್ದಾನೆ. ಅಪ್ಪ ಕೇಳಿದ ಪ್ರಶ್ನೆ ಅವನಿಗೂ ಬಂದೀತು, ಇನ್ನೊಂದಿಷ್ಟು ಗೂಡು ಬಿಚ್ಚಿದ ಮೇಲೆ. ಅಷ್ಟರಲ್ಲಿ ಕರೆಂಟಿನ ಕಾರುಗಳು ಬಂದು ಮಿಸ್ಸಿಂಗ್ ಹೊಡೆಯುವ ಸಿಲಿಂಡರೇ ಇಲ್ಲದಂತಾದರೆ ಅವನ ಸ್ಕ್ಯಾನರೂ ಮರದ ಹಿಡಿಯ ಸ್ಕ್ರೂಡ್ರೈವರಿನ ಪಕ್ಕಕ್ಕೆ ಹೋಗಿ ಕೂರುತ್ತದೆ. ಇಲಿ ಮಾತ್ರ ಅಲ್ಲೂ ಇರುತ್ತದೆ, ಅಲ್ಲಿ ವೈರು ಇನ್ನೂ ಜಾಸ್ತಿ.

ಆದ್ದರಿಂದ ಗಾಡಿ ಇಟ್ಟವರಿಗೆ ನನ್ನದೊಂದು ಮಾತು. ಕೆಂಪು ದೀಪ ಬಂದರೆ, ಅದರಲ್ಲೂ ಆಯಿಲ್ಲಿನದೋ ಬಿಸಿಯದೋ ಆದರೆ, ಅಲ್ಲೇ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಹಳದಿ ದೀಪ ಮಿಟುಕುತ್ತಿದ್ದರೆ ಇಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ, ಹಾಗೇ ಓಡಿಸಿದರೆ ಸೈಲೆನ್ಸರ್ ದಾರಿಯ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ. ಹಳದಿ ದೀಪ ಸುಮ್ಮನೆ ಹತ್ತಿಕೊಂಡಿದ್ದರೆ ಗಾಬರಿ ಬೇಡ, ಹಾಗೆಂದು ಬ್ಯಾಟರಿ ಟರ್ಮಿನಲ್ ಬಿಚ್ಚಲೂಬೇಡಿ. ಮೆಲ್ಲಗೆ ಓಡಿಸಿಕೊಂಡು ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ. ಆದರೆ ಸೆನ್ಸಾರಿಗೆ ದುಡ್ಡು ಕೊಡುವ ಮುಂಚೆ, ರಾತ್ರಿ ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಎಂದು ಯಾರಾದರೂ ಕೇಳಿದರೋ ಇಲ್ಲವೋ ನೋಡಿಕೊಳ್ಳಿ. ಕೇಳದಿದ್ದರೆ ನೀವೇ ಹೇಳಿ, ಬೇಕಾದರೆ ಸ್ವಲ್ಪ ಜೋರಾಗಿಯೇ.